ತಡವಾಗಿ ಅರಳಿದ ಸುಣ್ಣ

ನನಗೆ ಕೋಪ ಬೇಗ ಬರುತ್ತದೆ. ಈಗಲೂ ಬರುತ್ತದೆ, ಆಗ ಇನ್ನೂ ಬೇಗ ಬರುತ್ತಿತ್ತು. ಒಲೆಯ ಮೇಲಿನ ಹಾಲಿಗಿಂತ ಮೊದಲು ಉಕ್ಕುವವಳು ಇವಳು ಎಂದು ಕಾರ್ಕಳದ ಮನೆಯಲ್ಲಿ ಅಮ್ಮ ನೆಂಟರ ಮುಂದೆಯೇ ಹೇಳುತ್ತಿದ್ದರು. ಇಂಥವಳಿಗೆ ದೇವರು ಕೊಟ್ಟ ಕೆಲಸ ಎಂತದ್ದು ನೋಡಿ: ಒಂದು ಫ್ಲಾಸ್ಕಿನ ಮುಂದೆ ಕೂತು, ಅದರೊಳಗೆ ಬಿಸಿ ಎಷ್ಟು ಏರಿತು, ಎಷ್ಟು ಬೇಗ ಏರಿತು ಎಂದು ಉಸಿರು ಬಿಗಿಹಿಡಿದು ನೋಡುವುದು.

ಅರವತ್ತರ ದಶಕದ ಮೊದಲ ವರ್ಷಗಳು. ಮಣಿಪಾಲದ ಗುಡ್ಡದಲ್ಲಿ ಆಗ ಇದ್ದದ್ದು ಮುರಕಲ್ಲು, ಮುಳಿಹುಲ್ಲು, ಪಡುವಣ ಗಾಳಿ, ಮತ್ತೆ ಅಲ್ಲಲ್ಲಿ ಏಳುತ್ತಿದ್ದ ಗೋಡೆಗಳು. ಅಲ್ಲಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ನಾನು ಡೆಮಾನ್‌ಸ್ಟ್ರೇಟರ್. ವಿಭಾಗದಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಸೋಮವಾರದಿಂದ ಶನಿವಾರ ಮಧ್ಯಾಹ್ನದವರೆಗೆ ಬಾಡಿಗೆ ಕೋಣೆ, ಅನಂತರ ಬಸ್ಸು ಹಿಡಿದು ಕಾರ್ಕಳ.

ನಮ್ಮ ಪ್ರೊಫೆಸರರು ಉಡುಪಿಯವರು. ಬೆಳಿಗ್ಗೆ ದೇವರ ಪೂಜೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟು, ಅದರ ಮೇಲೆ ಕೋಟು ಹಾಕಿಕೊಂಡು ಬರುತ್ತಿದ್ದರು. ಮಾತು ಕಡಿಮೆ. ಯಾರ ಮೇಲೂ ದನಿ ಏರಿಸಿದವರಲ್ಲ, ನನ್ನ ಮೇಲೂ ಇಲ್ಲ. ಏರಿಸಬಹುದಾದ ಸಂದರ್ಭಗಳನ್ನು ನಾನು ಧಾರಾಳವಾಗಿಯೇ ಒದಗಿಸಿಕೊಟ್ಟಿದ್ದೆ ಎನ್ನಿ.

ಅವರಿಗೆ ಇದ್ದದ್ದು ಒಂದೇ ಹುಚ್ಚು, ರಾಸಾಯನಿಕ ಕ್ರಿಯೆಗಳ ವೇಗ. ಎರಡು ವಸ್ತು ಸೇರಿದಾಗ ಶಾಖ ಹುಟ್ಟುವುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಶಾಖ ನಿಮಿಷ ನಿಮಿಷಕ್ಕೆ ಹೇಗೆ ಏರುತ್ತದೆ ಎಂದು ಬರೆದಿಟ್ಟು ಗೆರೆ ಎಳೆದರೆ, ಒಳಗೆ ಕ್ರಿಯೆ ಓಡುತ್ತಿದೆಯೋ ತೆವಳುತ್ತಿದೆಯೋ ಎಂದು ತಿಳಿಯುತ್ತದೆ. ಹಾಗೆ ಅಳೆಯುವ ಉಪಕರಣಕ್ಕೆ ಕ್ಯಾಲೊರಿಮೀಟರ್ ಎಂದು ಹೆಸರು. ವಿದೇಶದಿಂದ ತರಿಸುವ ಅನುಕೂಲ ಯಾರಿಗಿತ್ತು? ಪ್ರೊಫೆಸರರು ತಾವೇ ಕಟ್ಟಿದ್ದರು. ಅಗಲ ಬಾಯಿಯ ಗಾಜಿನ ಫ್ಲಾಸ್ಕ್, ಅದಕ್ಕೆ ದಪ್ಪದ ಬಿರಡೆ, ಬಿರಡೆಯಲ್ಲಿ ತೂತುಗಳು: ಒಂದರಲ್ಲಿ ಉದ್ದದ ಥರ್ಮಾಮೀಟರ್, ಒಂದರಲ್ಲಿ ಕಲಕುವ ಗಾಜಿನ ಕಡ್ಡಿ, ಮತ್ತೊಂದರಲ್ಲಿ ಬಿಸಿ ಮಾಡುವ ತಂತಿಯ ಸುರುಳಿ. ಸುತ್ತ ಮರದ ಪೆಟ್ಟಿಗೆ, ಅದರೊಳಗೆ ಬೂರುಗದ ಹತ್ತಿ. ಹೊಸದಾಗಿ ಬಂದವರು ಇದೆಂತ ಬಾಣಂತಿಯನ್ನು ಕೂರಿಸಿದ ಹಾಗೆ ಎಂದು ನಗುತ್ತಿದ್ದರು.

ಇಂಥ ಉಪಕರಣವನ್ನು ಸುಮ್ಮನೆ ನಂಬುವ ಹಾಗಿಲ್ಲ. ಒಳಗೆ ಹುಟ್ಟಿದ ಶಾಖವೆಲ್ಲ ನೀರಿಗೇ ಹೋಗುವುದಿಲ್ಲ. ಗಾಜು ಸ್ವಲ್ಪ ಕುಡಿಯುತ್ತದೆ, ಬಿರಡೆ ಸ್ವಲ್ಪ ಕುಡಿಯುತ್ತದೆ, ಥರ್ಮಾಮೀಟರೂ ತನ್ನ ಪಾಲು ಬಿಡುವುದಿಲ್ಲ. ಅದೆಲ್ಲ ಎಷ್ಟು ಎಂದು ಮೊದಲು ತಿಳಿಯಬೇಕು. ಅದಕ್ಕಾಗಿ, ಎಷ್ಟು ಶಾಖ ಕೊಡುತ್ತದೆಂದು ಖಚಿತವಾಗಿ ಗೊತ್ತಿರುವ ಒಂದು ಕ್ರಿಯೆಯನ್ನು ಅದರೊಳಗೆ ನಡೆಸಿ, ಪಾದರಸ ಎಷ್ಟು ಏರಿತು ಎಂದು ನೋಡಿಕೊಳ್ಳುವುದು. ಕ್ಯಾಲಿಬ್ರೇಶನ್ ಎಂದರೆ ಇಷ್ಟೇ. ನಿಜವಾಗಿ ಅದನ್ನು ತಂತಿಯ ಸುರುಳಿಗೆ ಕರೆಂಟು ಕೊಟ್ಟು ಮಾಡಬೇಕು. ಆದರೆ ನಮ್ಮ ಗುಡ್ಡದ ಕರೆಂಟಿನ ಕಥೆ ಕೇಳಬೇಡಿ ಮಾರಾಯ್ರೆ! ಬರುವುದೇ ದೊಡ್ಡದು, ಬಂದರೂ ದೀಪ ಒಮ್ಮೆ ಹೊಳೆದು ಒಮ್ಮೆ ಮಂಕಾಗುತ್ತಿತ್ತು. ಹಾಗಾಗಿ ಪ್ರೊಫೆಸರರು ಆಸಿಡ್ ಮತ್ತು ಕ್ಷಾರ ಬೆರೆಸಿ ಕ್ಯಾಲಿಬ್ರೇಟ್ ಮಾಡುವುದನ್ನು ರೂಢಿ ಮಾಡಿದ್ದರು. ಎರಡೂ ಸೇರಿದ್ದೇ ಪಾದರಸ ಸರ್ರನೆ ಏರಿ ನಿಲ್ಲುತ್ತಿತ್ತು. ಎಷ್ಟು ಸಲ ಮಾಡಿದರೂ ಅದೇ ಉತ್ತರ. ಪ್ರೊಫೆಸರರ ದೇವರು ಬೇರೆ, ನನ್ನ ದೇವರು ಬೇರೆ, ಆದರೆ ಆ ಫ್ಲಾಸ್ಕಿನ ಮೇಲೆ ಇಬ್ಬರಿಗೂ ಒಂದೇ ನಂಬಿಕೆ.

ಮಳೆಗಾಲ ಮುಗಿಯುತ್ತಾ ಬಂದ ಒಂದು ಬೆಳಿಗ್ಗೆ, ಗುಡ್ಡದಲ್ಲಿ ಹೊಸ ಹಾಸ್ಟೆಲ್ ಕಟ್ಟಿಸುತ್ತಿದ್ದ ಓವರ್ಸಿಯರ್ ಒಂದು ಗೋಣಿಚೀಲ ಹೊರಿಸಿಕೊಂಡು ನಮ್ಮ ಲ್ಯಾಬಿಗೆ ಬಂದರು. ಮುಖ ಸಪ್ಪಗಿತ್ತು. ಗೋಡೆಗಳಿಗೆ ಗಾರೆ ಬಳಿದು ಮುಗಿಸಿದ್ದರಂತೆ. ಈಗ ನೋಡಿದರೆ ಗೋಡೆಯ ತುಂಬ ಸಿಡುಬಿನ ಕಲೆಯ ಹಾಗೆ ಗುಳಿಗಳು. ಒಳಗಿನಿಂದ ಎಂತದೋ ಉಬ್ಬಿ ಗಾರೆಯನ್ನು ಎಬ್ಬಿಸಿ ಉದುರಿಸುತ್ತದಂತೆ.

“ಕಾಪುವಿನ ಗೂಡಿನ ಸುಣ್ಣ ಸರ್,” ಎಂದರು. “ಗಂಡ ಹೆಂಡತಿ ಇಬ್ಬರೇ ಸುಡುವುದು. ನಾನು ಕಣ್ಣು ಮುಚ್ಚಿ ನಂಬಿದ್ದೆ. ಇದರಲ್ಲಿ ಬೂದಿ ಬೆರೆಸಿದ್ದಾರೆ, ಇಲ್ಲದಿದ್ದರೆ ಬೇಯದ ಚಿಪ್ಪನ್ನು ಪುಡಿ ಮಾಡಿ ಸೇರಿಸಿದ್ದಾರೆ. ಎಂಜಿನಿಯರರು ನನ್ನ ಕುತ್ತಿಗೆಗೆ ಬಂದಿದ್ದಾರೆ. ಕಲಬೆರಕೆ ಉಂಟು ಎಂದು ನೀವು ಬರೆದು ಕೊಟ್ಟರೆ ನಾನು ಉಳಿದುಕೊಳ್ಳುತ್ತೇನೆ.”

ಸಿಮೆಂಟು ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ನಮ್ಮ ಕರಾವಳಿಯ ಗೋಡೆಗಳಿಗೆ ಚಿಪ್ಪಿನ ಸುಣ್ಣವೇ ಗತಿ. ಕೆಮ್ಮಣ್ಣು ಊರಿನ ಕಡೆಯ ಹೊಳೆಗಳಿಂದ ಮರುವಾಯಿ ಎಂಬ ಕಪ್ಪೆಚಿಪ್ಪು ತಂದು, ಗೂಡಿನಲ್ಲಿ ಇದ್ದಿಲಿನ ಜೊತೆ ಪದರ ಪದರವಾಗಿ ತುಂಬಿ, ಚಕ್ರ ತಿರುಗಿಸಿ ಗಾಳಿ ಊದಿ ಸುಡುತ್ತಾರೆ. ಹದವಾಗಿ ಸುಟ್ಟ ಚಿಪ್ಪಿಗೆ ನೀರು ಬಿದ್ದರೆ ಬುಸುಗುಟ್ಟಿ, ಬಿಸಿಯಾಗಿ, ಅರಳಿ ಪುಡಿಯಾಗುತ್ತದೆ. ಪ್ರೊಫೆಸರರ ಕಣ್ಣು ಕೂಡಲೇ ಫ್ಲಾಸ್ಕಿನ ಕಡೆ ಹೋಯಿತು. ಆಸಿಡ್ ಹಾಕಿ ಪರೀಕ್ಷೆ ಮಾಡಿದರೆ ಬೂದಿಯೂ ಆಸಿಡ್ ಕುಡಿಯುತ್ತದೆ, ಬೇಯದ ಚಿಪ್ಪೂ ಕುಡಿಯುತ್ತದೆ, ಏನೂ ತಿಳಿಯುವುದಿಲ್ಲ. ನೀರು ಹಾಕಿದಾಗ ಹೀಗೆ ಬಿಸಿಯಾಗುವುದು ಬೆಂದ ಸುಣ್ಣ ಮಾತ್ರ. ಎಷ್ಟು ಶಾಖ ಬಂತೋ ಅಷ್ಟೇ ಸುಣ್ಣ.

ಮರುದಿನ ಲ್ಯಾಬಿನ ಜಗಲಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಡುವಯಸ್ಸು, ತೆಳ್ಳಗಿನ ದೇಹ, ತೋಳು ಮಾತ್ರ ಗಂಡಸರ ತೋಳಿನ ಹಾಗೆ ಗಟ್ಟಿ. ಬೆರಳುಗಳೆಲ್ಲ ಸುಣ್ಣ ತಿಂದು ಒಡೆದಿದ್ದವು. ನನ್ನ ಕುತ್ತಿಗೆಯ ಶಿಲುಬೆ ನೋಡಿ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ “ಬಾಯಿ” ಎಂದಳು. ಮಾತೆಲ್ಲ ತುಳುವಿನಲ್ಲೇ.

“ಬಾಯಿ, ನಮ್ಮ ಸುಣ್ಣ ನೋಡುವುದು ನೀವಂತೆ. ಅದರಲ್ಲಿ ಕಲಬೆರಕೆ ಇಲ್ಲ.”

“ಇದ್ದರೆ ನಮ್ಮ ಥರ್ಮಾಮೀಟರ್ ಹೇಳುತ್ತದೆ ಅಕ್ಕ. ಅದಕ್ಕೆ ದಾಕ್ಷಿಣ್ಯ ಇಲ್ಲ,” ಎಂದೆ ತಮಾಷೆಗೆ.

ಅವಳು ನಗಲಿಲ್ಲ. “ಹೇಳಲಿ. ಸರಿಯಾಗಿ ಹೇಳಲಿ. ಪಡುಬಿದ್ರಿಯಿಂದ ಸಂತೆಕಟ್ಟೆಯವರೆಗೆ ಮೇಸ್ತ್ರಿಗಳು ನಮ್ಮ ಚೀಲವನ್ನು ಬಿಚ್ಚಿ ನೋಡದೆ ಕೊಂಡುಹೋಗುತ್ತಾರೆ. ಇವರ ಅಪ್ಪನ ಕಾಲದಿಂದ ಹಾಗೆ. ಕಳ್ಳ ಸುಣ್ಣ ಎಂದು ಒಮ್ಮೆ ಹೆಸರು ಬಂದರೆ ಮತ್ತೆ ಗೂಡು ಇಟ್ಟುಕೊಂಡು ಮಾಡುವುದು ಎಂತ?”

ಅವಳು ಹೋದ ಮೇಲೆ, ಅಲ್ಲೇ ಇದ್ದ ಓವರ್ಸಿಯರ್ “ನೋಡಿದಿರಾ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ,” ಎಂದರು. ನನಗೆ ನೆತ್ತಿಗೇರಿತು. “ಕಾಪುವಿನಿಂದ ಬಸ್ಸಿಗೆ ದುಡ್ಡು ಕೊಟ್ಟು, ಗುಡ್ಡ ಹತ್ತಿ ಹೆಗಲು ಮುಟ್ಟಿಕೊಳ್ಳಲು ಬಂದಳಾ? ನಿಮ್ಮ ಗಾದೆ ನಿಮ್ಮ ಹತ್ತಿರವೇ ಇರಲಿ,” ಎಂದೆ. ಪ್ರೊಫೆಸರರು ಕನ್ನಡಕ ಒರೆಸುತ್ತಾ ಕೂತರು.

ಪರೀಕ್ಷೆ ಮಾಡಿದವಳು ನಾನೇ. ಮೊದಲು ಬಾಟಲಿಯ ಶುದ್ಧ ಸುಣ್ಣ ಹಾಕಿ ನೋಡಿದೆ. ನೀರಿಗೆ ಬಿದ್ದದ್ದೇ ಪಾದರಸ ಓಡಿತು, ಪುಸ್ತಕದಲ್ಲಿ ಇದ್ದ ಉತ್ತರವೇ ಬಂತು. ಅನಂತರ ಕಾಪುವಿನ ಸುಣ್ಣ ಹಾಕಿದೆ. ಏನೂ ಆಗಲಿಲ್ಲ. ಕಾದೆ. ಪಾದರಸ ಮದುವೆಗೆ ಮನಸ್ಸಿಲ್ಲದ ಹುಡುಗಿಯ ಹಾಗೆ ನಿಧಾನಕ್ಕೆ ಒಂದೊಂದೇ ಗೆರೆ ಹತ್ತಿತು. ಗಂಟೆ ಕಳೆದರೂ ಹತ್ತುತ್ತಲೇ ಇತ್ತು. ಕೊನೆಗೆ ನಿಂತಾಗ ಲೆಕ್ಕ ಹಾಕಿದೆ. ಚೀಲದಲ್ಲಿದ್ದದ್ದರ ಕಾಲು ಭಾಗ ಸುಣ್ಣವೇ ಅಲ್ಲ ಎಂದು ಬಂತು.

ಇನ್ನೊಮ್ಮೆ ಮಾಡಿದೆ. ಅದೇ. ಚೀಲದ ತಳದಿಂದ ತೆಗೆದು ಮಾಡಿದೆ. ಅದೇ. ಅವಳ ಒಡೆದ ಬೆರಳುಗಳು ಕಣ್ಣ ಮುಂದೆ ಬಂದು, ನನಗೆ ಅಳುವೇ ಬಂದಂತಾಯಿತು. ಅಳು ಬಂದಾಗ ನಾನು ಜಗಳವಾಡುವುದು. “ಇದು ಸುಳ್ಳು ಸರ್,” ಎಂದು ಪ್ರೊಫೆಸರರ ಮೇಜಿನ ಮುಂದೆ ನಿಂತೆ.

“ಯಾವುದು ಸುಳ್ಳು?”

“ಗೊತ್ತಿಲ್ಲ. ಆದರೆ ಆ ಹೆಂಗಸು ಸುಳ್ಳು ಹೇಳುವವಳಲ್ಲ.”

“ಅದು ಅಳತೆ ಅಲ್ಲ ಅಲ್ವಾ?” ಎಂದರು ಮೆಲ್ಲಗೆ. ಬೂದಿ ಬೆರೆತರೆ ಅರಳುವುದೂ ನಿಧಾನವಾಗಬಹುದು ಎಂದು ಅವರ ಊಹೆ. ಆದರೂ ಅವರು ಕೂಡಲೇ ಬರೆದು ಕೊಡಲಿಲ್ಲ. “ಎಂಜಿನಿಯರರು ಬುಧವಾರ ಬರುತ್ತಾರೆ. ಅಷ್ಟರೊಳಗೆ ನಿಮಗೆ ಬೇರೇನಾದರೂ ತೋರಿದರೆ ಹೇಳಿ. ಒಬ್ಬರ ಅನ್ನದ ವಿಷಯ,” ಎಂದರು. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವ ಇರುವುದು ಅದಕ್ಕೆ.

ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಕೂಡಲೇ ನಾನು ಕಾರ್ಕಳದಿಂದ ಪಡುಬಿದ್ರಿಯ ಬಸ್ಸು ಹತ್ತಿದೆ. ಪೂಜೆಯ ಸೀರೆಯಲ್ಲೇ ಸುಣ್ಣದ ಗೂಡಿಗೆ ಹೋಗುವವಳನ್ನು ಯಾವ ಗಂಡು ಒಪ್ಪುತ್ತಾನೆ ಎಂದು ಅಮ್ಮ ಹಿಂದಿನಿಂದ ಕೂಗಿದರು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿನಲ್ಲಿ ಇಳಿದು ಕೇಳಿದರೆ, ಹೊಳೆಯ ಬದಿಯ ಗೂಡಿಗೆ ದಾರಿ ತೋರಿಸಲು ಇಡೀ ಪೇಟೆಯೇ ತಯಾರು. ನಾನೇಕೆ ಹೋದೆ ಎಂದರೆ, ಅವಳ ಮುಖ ಇನ್ನೊಮ್ಮೆ ನೋಡಬೇಕಿತ್ತು, ಅಷ್ಟೇ.

ಮುರಕಲ್ಲಿನ ದುಂಡಗಿನ ಗೂಡು, ಪಕ್ಕದಲ್ಲಿ ಬೆಳ್ಳಗಿನ ಚಿಪ್ಪಿನ ರಾಶಿ, ಗಾಳಿ ಊದುವ ಮರದ ಚಕ್ರ. ಅಂದು ಗೂಡು ತಣ್ಣಗಿತ್ತು. ಗಂಡ ಎತ್ತರದ ಆಳು, ನಗುಮುಖ, ಮಾತೋ ಮಾತು. ನಾನು ಯಾರೆಂದು ಹೇಳುತ್ತಲೇ “ಓಹೋ, ಕಾರ್ಕಳದ ಬಾಯಿ! ನೀವು ಕಲ್ಲಿನ ಊರಿನವರು, ನಾವು ಚಿಪ್ಪಿನವರು. ನಿಮಗೆ ನಮ್ಮ ಸುಣ್ಣ ಮೆತ್ತಗೆ ಕಂಡರೆ ಆಶ್ಚರ್ಯ ಇಲ್ಲ!” ಎಂದು ನಕ್ಕರು. ನನಗೆ ನಗು ಬಂತು. ಅವರು ಎಳನೀರಿನ ಬೊಂಡ ಕೆತ್ತಿಸಿ ತಂದರು. ಕೊಡಲು ಕೈ ಚಾಚಿದರು. ನಾನು ನಿಂತಿದ್ದ ಜಾಗಕ್ಕಲ್ಲ, ನನ್ನ ಪಕ್ಕದಲ್ಲಿದ್ದ ಮರದ ಕಂಬಕ್ಕೆ. ನಾನು ಸರಿದು ಹೋಗಿ ತೆಗೆದುಕೊಂಡೆ. ಹೆಂಡತಿ ಅದನ್ನು ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು.

ಸ್ವಲ್ಪ ಹೊತ್ತಿಗೆ “ಬಾವಿಯ ನೀರು ತೋರಿಸುತ್ತೇನೆ, ಬನ್ನಿ ಬಾಯಿ” ಎಂದು ಕರೆದುಕೊಂಡು ಹೋದಳು. ಬಾವಿಯ ಹತ್ತಿರ ನಿಂತು ಹೇಳಿದಳು.

“ಇವರ ಕಣ್ಣು ಮಂಜಾಗಿ ವರುಷ ಒಂದಾಯಿತು. ಬೆಂಕಿ ನೋಡಿ ನೋಡಿಯೇ ಹೋಯಿತೋ ಏನೋ. ಆಳು ಕಾಣುತ್ತದೆ, ಮುಖ ಕಾಣುವುದಿಲ್ಲ. ಉರಿ ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ಚಿಪ್ಪು ಬೆಂದ ಬಣ್ಣ ತಿಳಿಯದೆ, ಬೇಯಲಿಲ್ಲವೋ ಎಂಬ ಹೆದರಿಕೆಯಲ್ಲಿ ಇನ್ನೂ ಸುಡುತ್ತಾರೆ. ಸುಟ್ಟದ್ದು ಹೆಚ್ಚಾಯಿತು ಬಾಯಿ. ಮೊದಲು ನೀರು ಚಿಮುಕಿಸಿದರೆ ಅರಳುತ್ತಿತ್ತು. ಈಗ ಕಲ್ಲಿನ ಹಾಗೆ ಕೂತಿರುತ್ತದೆ.”

“ಹೀಗೆಂದು ಓವರ್ಸಿಯರಿಗೆ ಹೇಳಬಹುದಿತ್ತಲ್ಲ!”

“ನನಗೆ ಗೊತ್ತಿದೆ ಎಂದು ಇವರಿಗೇ ಗೊತ್ತಿಲ್ಲ. ನನ್ನಿಂದ ಮುಚ್ಚಿಟ್ಟಿದ್ದಾರೆ.” ಅವಳು ಗೂಡಿನ ಕಡೆ ನೋಡಿದಳು. ಅಲ್ಲಿ ಅವರು ಯಾರೊಂದಿಗೋ ಗಟ್ಟಿಯಾಗಿ ನಗುತ್ತಿದ್ದರು. “ಕಣ್ಣಿಲ್ಲದವನ ಗೂಡು ಎಂದರೆ ಯಾರು ಬರುತ್ತಾರೆ? ಮತ್ತೆ ಇವರು ಮೂಲೆಯಲ್ಲಿ ಕೂರಬೇಕು. ಕೂತರೆ ಉಳಿಯುವುದಿಲ್ಲ. ಕಳ್ಳರು ಎಂದರೆ ನಮ್ಮಿಬ್ಬರನ್ನೂ ಹೇಳುತ್ತಾರೆ, ಹೇಗೋ ಇಬ್ಬರೂ ಹೊರುತ್ತೇವೆ. ಇದನ್ನು ಇವರೊಬ್ಬರೇ ಹೊರಬೇಕಲ್ಲ. ನೀವು ಯಾರಿಗೂ ಹೇಳಬಾರದು. ಮಾತು ಕೊಡಿ.”

ಕೊಟ್ಟೆ. ಮತ್ತೆಂತ ಮಾಡುವುದು? ನೀವಾಗಿದ್ದರೂ ಕೊಡುತ್ತಿದ್ದಿರಿ.

ಹಿಂದೆ ಬರುವಾಗ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು ಅವಳ ಮಾತನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಕಲ್ಲಿನ ಹಾಗೆ ಕೂತಿರುತ್ತದೆ. ಆದರೆ ಕೊನೆಗೂ ಅರಳುತ್ತದಲ್ಲ? ತಡವಾಗಿ ಅರಳುತ್ತದೆ. ತಡವಾಗಿ ಎಂದರೆ ಗಂಟೆಗಟ್ಟಲೆ. ಅಷ್ಟು ಹೊತ್ತು ನಮ್ಮ ಫ್ಲಾಸ್ಕ್ ಏನು ಮಾಡುತ್ತಿರುತ್ತದೆ? ಆಸಿಡ್ ಮತ್ತು ಕ್ಷಾರದ ಆಟ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಬಾಟಲಿಯ ಸುಣ್ಣವೂ ಹಾಗೆಯೇ. ಶಾಖಕ್ಕೆ ಹೊರಗೆ ಹೋಗಲು ಪುರುಸೊತ್ತೇ ಇಲ್ಲ. ನಿಧಾನವಾದ ಕ್ರಿಯೆಯಲ್ಲಿ ಹುಟ್ಟುವ ಶಾಖ ಹುಟ್ಟುತ್ತಾ ಹುಟ್ಟುತ್ತಲೇ ಬಿರಡೆಯ ಸಂದಿನಿಂದ ಮೆಲ್ಲಗೆ ಜಾರಿ ಹೋಗುತ್ತಿರುತ್ತದೆ. ನಾವು ಆ ಫ್ಲಾಸ್ಕನ್ನು ಅವಸರದವರ ಜೊತೆ ಮಾತ್ರ ಪರೀಕ್ಷಿಸಿದ್ದೆವು! ಅಷ್ಟರಲ್ಲಿ ಕಂಡಕ್ಟರ್ ಟಿಕೆಟ್ ಎಂದು ಕೈ ಚಾಚಿದ. ನಾನು “ಸೋರುತ್ತದೆ!” ಎಂದು ಕಿರುಚಿದೆ. ಪಾಪ, ಅವನು ತಲೆಯೆತ್ತಿ ಬಸ್ಸಿನ ಮಾಡು ನೋಡಿದ.

ಸೋಮವಾರ ಪ್ರೊಫೆಸರರು ಕೋಟು ತೆಗೆದು ನೇತುಹಾಕುವ ಮೊದಲೇ ನನ್ನ ವಾದ ಶುರುವಾಗಿತ್ತು. ಅವರು ಸುಲಭಕ್ಕೆ ಒಪ್ಪಲಿಲ್ಲ. ಶುದ್ಧ ಸುಣ್ಣ ಸರಿಯಾದ ಉತ್ತರ ಕೊಟ್ಟಿದೆಯಲ್ಲ ಎಂದರು. ಅದು ಓಡುವ ಸುಣ್ಣ ಸರ್, ಇದು ತೆವಳುವ ಸುಣ್ಣ ಎಂದೆ. ಸುತ್ತ ಹತ್ತಿ ಉಂಟಲ್ಲ ಎಂದರು. ಮಳೆಗಾಲದ ಹತ್ತಿ ಸರ್, ಮುಟ್ಟಿ ನೋಡಿ, ಒದ್ದೆ ಕೋಳಿಯ ಹಾಗೆ ಆಗಿದೆ ಎಂದೆ. ಅವರು ನಿಜಕ್ಕೂ ಕೈ ಹಾಕಿ ಮುಟ್ಟಿ ನೋಡಿದರು. ಆಮೇಲೆ ಕೈ ಒರೆಸಿಕೊಂಡು, “ಭೌತಶಾಸ್ತ್ರದವರ ಹತ್ತಿರ ದೊಡ್ಡ ಬ್ಯಾಟರಿ ಉಂಟು, ಕೇಳಿ ತರಿಸಿ,” ಎಂದರು.

ಕರೆಂಟನ್ನು ನಂಬದೆ ಬ್ಯಾಟರಿಯಿಂದಲೇ ತಂತಿಯ ಸುರುಳಿ ಬಿಸಿ ಮಾಡಿದೆವು. ಕಲಬೆರಕೆಯೇ ಇಲ್ಲದ ಸುಣ್ಣ ಎಷ್ಟು ಶಾಖ ಕೊಡಬೇಕೋ ಅಷ್ಟನ್ನೇ, ಕಾಪುವಿನ ಸುಣ್ಣ ತೆಗೆದುಕೊಂಡಷ್ಟೇ ಹೊತ್ತಿನಲ್ಲಿ, ಅದೇ ನಿಧಾನದಲ್ಲಿ ಒಳಗೆ ಬಿಟ್ಟೆವು. ಪ್ರೊಫೆಸರರು ಗಡಿಯಾರ ಹಿಡಿದರು, ನಾನು ಪಾದರಸ ಓದಿದೆ. ಊಟಕ್ಕೂ ಏಳಲಿಲ್ಲ. ಕೊನೆಗೆ ಪಾದರಸ ಎಲ್ಲಿಗೆ ಬಂದು ನಿಲ್ಲಬೇಕಿತ್ತೋ ಅಲ್ಲಿಗೆ ಬರಲಿಲ್ಲ, ಕಾಲು ಭಾಗ ಕೆಳಗೇ ನಿಂತಿತು. ಪ್ರೊಫೆಸರರು ಎರಡೂ ಗ್ರಾಫ್ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದರು. ಸುಣ್ಣದ ಗೆರೆ, ಬ್ಯಾಟರಿಯ ಗೆರೆ, ಎರಡೂ ಒಂದರ ಮೇಲೊಂದು ಕೂತವು.

“ಇದರಲ್ಲಿ ಕಲಬೆರಕೆ ಇಲ್ಲ,” ಎಂದರು. ಆಮೇಲೆ ಫ್ಲಾಸ್ಕಿನ ಬಿರಡೆಯ ಮೇಲೆ ಕೈಯಿಟ್ಟು, “ಎಷ್ಟು ಸಲ ಪರೀಕ್ಷೆ ಮಾಡಿದೆವು. ನಿಧಾನದವರು ಬಂದರೆ ಹೇಗೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ ನೋಡಿ,” ಎಂದರು.

ಆ ಮಧ್ಯಾಹ್ನ ನಾನು ಲ್ಯಾಬಿನಲ್ಲಿ ಕುಣಿಯುವುದೊಂದು ಬಾಕಿ. ಆ ಸಂತೋಷ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬಾಳಲಿಲ್ಲ. ಪ್ರೊಫೆಸರರು ಬರೆಯಲು ಕೂತು, “ಹೆಚ್ಚು ಸುಟ್ಟದ್ದರಿಂದ ಅರಳುವುದು ತಡವಾಗಿದೆ, ಗೋಡೆಯೊಳಗೆ ಹೋದ ಮೇಲೆ ಅರಳಿ ಉಬ್ಬಿದೆ, ಎಂದು ಬರೆಯುತ್ತೇನೆ,” ಎಂದರು. ಹೆಚ್ಚು ಸುಟ್ಟದ್ದು ಎಂದರೆ, ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

“ಅದು ಬೇಡ ಸರ್. ಕಲಬೆರಕೆ ಇಲ್ಲ ಎಂದಷ್ಟೇ ಬರೆಯಿರಿ.”

“ಯಾಕೆ?”

ನಾನು ಬಾಯಿ ತೆರೆದೆ, ಮುಚ್ಚಿದೆ. ನನ್ನನ್ನು ಬಲ್ಲವರಿಗೆ ಅದೇ ಒಂದು ಪವಾಡ. ಪ್ರೊಫೆಸರರು ಪೆನ್ನು ಕೆಳಗಿಟ್ಟರು. “ಗೋಡೆ ಯಾಕೆ ಹಾಳಾಯಿತು ಎಂದು ಹೇಳದಿದ್ದರೆ, ಕಲಬೆರಕೆ ಇಲ್ಲ ಎಂಬ ಮಾತನ್ನು ಯಾರು ನಂಬುತ್ತಾರೆ? ಅರ್ಧ ಹೇಳಿದರೆ ಅವರನ್ನೇ ಮುಳುಗಿಸಿದ ಹಾಗೆ,” ಎಂದರು. ಸರಿಯಾದ ಮಾತು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಅವಳನ್ನು ಉಳಿಸಬೇಕಾದರೆ ಅವಳಿಗೆ ಕೊಟ್ಟ ಮಾತು ಮುರಿಯುವ ಹತ್ತಿರಕ್ಕೆ ಹೋಗಲೇಬೇಕಿತ್ತು.

ಬುಧವಾರ ಎಂಜಿನಿಯರರು ಬಂದರು. ಓವರ್ಸಿಯರ್ ಬಂದರು. ಕಾಪುವಿನ ಗಂಡ ಹೆಂಡತಿಯನ್ನೂ ಕರೆಸಿದ್ದರು. ಹೆಂಡತಿ ಮುಂದೆ, ಗಂಡ ಅವಳ ಹೆಗಲಿಗೆ ತಾಗುವಷ್ಟು ಹಿಂದೆ. ನೋಡಿದವರಿಗೆ ಸಂಕೋಚದಿಂದ ಹಿಂದೆ ನಿಂತ ಹಾಗೆ. ನನಗೆ ಮಾತ್ರ ಗೊತ್ತಿತ್ತು.

ಪ್ರೊಫೆಸರರು ಗ್ರಾಫ್ ತೋರಿಸಿ ಎಲ್ಲವನ್ನೂ ವಿವರಿಸಿದರು. ತಪ್ಪಿದ್ದು ನಮ್ಮ ಅಳತೆ ಎಂದು ಮೊದಲು ಹೇಳಿದರು. ಸುಣ್ಣ ಪೂರ್ತಿ ಸುಣ್ಣವೇ, ಬೂದಿಯೂ ಇಲ್ಲ, ಬೇಯದ ಚಿಪ್ಪೂ ಇಲ್ಲ, ಹೆಚ್ಚು ಬೆಂದಿದೆ ಅಷ್ಟೇ ಎಂದರು. ಉಳಿದ ಚೀಲಗಳನ್ನು ಗುಂಡಿಯಲ್ಲಿ ನೀರು ಹಾಕಿ ಬಹಳ ದಿನ ನೆನೆಯಲು ಬಿಟ್ಟರೆ ಒಳ್ಳೆಯ ಗಾರೆಯೇ ಆಗುತ್ತದೆ ಎಂದರು. ಎಂಜಿನಿಯರರು ತಲೆಯಾಡಿಸಿ, “ಹಾಗಾದರೆ ಮೋಸದ ಮಾತು ಇಲ್ಲಿಗೆ ಮುಗಿಯಿತು,” ಎಂದರು. ನಾನು ಹೆಂಡತಿಯ ಮುಖ ನೋಡಿದೆ. ಅವಳಿಗೆ ಸಮಾಧಾನ ಇರಲಿಲ್ಲ. ಮುಂದಿನ ಪ್ರಶ್ನೆ ಎಂತದ್ದೆಂದು ಅವಳಿಗೆ ಗೊತ್ತಿತ್ತು.

ಅದನ್ನು ಕೇಳಿದವರು ಓವರ್ಸಿಯರ್. ಕೆಟ್ಟ ಮನಸ್ಸಿನಿಂದಲ್ಲ. “ಇಷ್ಟು ವರ್ಷ ಹದ ತಪ್ಪದ ಗೂಡು. ಈಗ ಹೆಚ್ಚು ಸುಟ್ಟದ್ದು ಯಾಕೆ?”

“ನಾನು,” ಎಂದಳು ಹೆಂಡತಿ ತಟ್ಟನೆ. “ನಾನೇ ಇದ್ದಿಲು ಹೆಚ್ಚು ಹಾಕಿದೆ. ಇವರಿಗೆ ಗೊತ್ತಿಲ್ಲ. ಹೆಣ್ಣು ಬುದ್ಧಿ, ತಪ್ಪಾಯಿತು.”

ಗಂಡ ಅವಳ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಬರುವಾಗ ಕುರ್ಚಿಯ ಕಾಲಿಗೆ ಎಡವಿದರು, ಓವರ್ಸಿಯರ್ ಹಿಡಿದುಕೊಂಡರು. ಆ ನಗುಮುಖದಲ್ಲಿ ನಗು ಇರಲಿಲ್ಲ.

“ಇವಳು ಹೇಳುವುದು ಸುಳ್ಳು ಸ್ವಾಮಿ. ಇವಳು ಇದ್ದಿಲು ತಪ್ಪಿ ಹಾಕುವವಳಲ್ಲ. ನನಗೆ ಕಣ್ಣು ಕಾಣುವುದಿಲ್ಲ. ಬೆಂದ ಬಣ್ಣ ತಿಳಿಯುವುದಿಲ್ಲ.” ಹೆಂಡತಿ ಇದ್ದ ಕಡೆಗೆ ಕೈ ಚಾಚಿದರು. “ಕುರುಡನ ಗೂಡು ಎಂದು ಊರಿಗೆಲ್ಲ ಹೇಳಿ, ಬೇಜಾರಿಲ್ಲ. ಮಾಡದ ಕಳ್ಳತನಕ್ಕೆ ಇವಳು ಇಷ್ಟು ದಿನ ತಲೆ ತಗ್ಗಿಸಿದ್ದು ಸಾಕು.”

ನನಗೆ ಅಳು ಬಂತು. ಈ ಸಲ ಜಗಳವಾಡಲು ಯಾರೂ ಇರಲಿಲ್ಲ, ಹಾಗಾಗಿ ಅತ್ತುಬಿಟ್ಟೆ. ಓವರ್ಸಿಯರ್ ಗಂಡನ ತೋಳು ಬಿಡದೆ ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದರು. “ಹೇಳಬಾರದಿತ್ತಾ ಅಣ್ಣ, ಗೋಡೆ ಇನ್ನೊಮ್ಮೆ ಬಳಿಯಬಹುದಿತ್ತು,” ಎಂದರು.

ಎಂಜಿನಿಯರರು ಘಟ್ಟದ ಮೇಲಿನವರು, ಗೂಡಿನ ಕೆಲಸ ನೋಡಿದವರಲ್ಲ. ಹೆಂಡತಿಯ ಕಡೆ ತಿರುಗಿ, “ನಿಮಗೆ ಕಣ್ಣು ಚೆನ್ನಾಗಿದೆಯಲ್ಲ, ನೀವು ನಿಲ್ಲಿಸಬಹುದಿತ್ತಲ್ಲಮ್ಮ?” ಎಂದು ಕೇಳಿದರು.

ಅದಕ್ಕೆ ಉತ್ತರ ಕೊಟ್ಟವರು ಕುರ್ಚಿಯಲ್ಲಿ ಕೂತ ಗಂಡ. ಗೂಡಿನಲ್ಲಿ ಬೆಂಕಿ ನೋಡುವವನು ಒಬ್ಬ, ಚಕ್ರ ತಿರುಗಿಸುವವರು ಒಬ್ಬರು. ಬೆಂಕಿ ನೋಡುವವನು “ಯಾವು” ಎನ್ನಬೇಕು, ತುಳುವಿನಲ್ಲಿ ಸಾಕು ಎಂದು ಅರ್ಥ. ಅವನ ಬಾಯಿಂದ ಆ ಮಾತು ಬರುವವರೆಗೆ ಚಕ್ರ ನಿಲ್ಲಬಾರದು. ಅವನಿರುವಾಗ ಬೇರೆಯವರು ಆ ಮಾತು ಆಡಿದರೆ, ಅವನು ಇದ್ದೂ ಇಲ್ಲ ಎಂದ ಹಾಗೆ. ಅಪ್ಪ ಹಾಸಿಗೆ ಹಿಡಿಯುವವರೆಗೆ ತಾನು ಒಮ್ಮೆಯೂ ಆ ಮಾತು ಆಡಿದವನಲ್ಲ ಎಂದರು.

ಹೇಳುತ್ತಾ ಹೇಳುತ್ತಾ ಏನೋ ಹೊಳೆದ ಹಾಗೆ ಮುಖ ಎತ್ತಿ, ಅವಳು ನಿಂತ ಕಡೆಗೆ ತಿರುಗಿದರು.

“ಬೆಂದದ್ದು ನಿನಗೆ ಕಾಣುತ್ತಿತ್ತು.”

“ಕಾಣುತ್ತಿತ್ತು.”

“ಪ್ರತಿ ಸಲ?”

“ಹೂಂ.”

“ಮತ್ತೆ ಚಕ್ರ ತಿರುಗಿಸುತ್ತಾ ಇದ್ದದ್ದು ಯಾಕೆ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವು ಯಾವು ಎನ್ನುತ್ತೀರಿ ಎಂದು,” ಎಂದಳು. “ತೋಳು ಬಿದ್ದು ಹೋಗುತ್ತಿತ್ತು. ಆದರೂ ತಿರುಗಿಸುತ್ತಾ ಇದ್ದೆ.”